ಬಿಸಿಲಿಗೆ ಕಳಚುವ ಬಳೆ

ಕಿಟಕಿಯ ಪಕ್ಕದ ಗೂಡಿನಲ್ಲಿ ಝಳಕ್ಕೆಂದು ಇಟ್ಟಿದ್ದ ಗಾಜಿನ ನಳಿಕೆ ಅಲ್ಲಿರಲಿಲ್ಲ. ಜೀವಶಾಸ್ತ್ರದ ಉಪನ್ಯಾಸಕಿ ಗೌರಾಬಾಯಿ ಗೂಡನ್ನೆಲ್ಲ ತಡಕಿದಳು. ಪ್ರಿನ್ಸಿಪಾಲ್ ಶಾಂತಲಿಂಗಪ್ಪನವರ ಚಪ್ಪಲಿಯ ಸಪ್ಪಳ ಆಗಲೇ ಕಾಲೇಜಿನ ಪಡಸಾಲೆಯಲ್ಲಿ ಕೇಳುತ್ತಿತ್ತು.

“ದಾವಲಸಾಬ, ಇಲ್ಲಿ ಒಂದು ನಳಿಕಿ ಇಟ್ಟಿದ್ದೆ. ಎಲ್ಲಿ ಹೋಯ್ತು?”

ಪ್ರಯೋಗಾಲಯದ ಜವಾನ ದಾವಲಸಾಬ ಹೆಮ್ಮೆಯಿಂದ ಮೂಲೆಯ ಹರವಿಯತ್ತ ಕೈ ತೋರಿಸಿದ. ಒದ್ದೆ ಗೋಣಿತಟ್ಟು ಸುತ್ತಿದ ಆ ಮಣ್ಣಿನ ಹರವಿಯ ನೀರಿನಲ್ಲಿ ಎರಡು ನಳಿಕೆಗಳು ಜೋಡಿಯಾಗಿ ಇಳಿಬಿದ್ದಿದ್ದವು.

“ಅದರಾಗ ಜೀವ ಅದಾವಂತ ನೀವೇ ಅಂದಿದ್ರಲ್ರಿ ಬಾಯಾರ. ಒಂದು ತಣ್ಣಗ ಹರವ್ಯಾಗ ಕುಂತದ, ಇನ್ನೊಂದು ಝಳಕ್ಕ ಸಾಯಾಕತ್ತದ. ನೋಡಾಕ ಆಗಲಿಲ್ರಿ. ಆಗಳೇ ತಂದು ಇದರಾಗ ಬಿಟ್ಟೀನಿ.”

ಬಂದವರಿಗೆ ಮಾತಿಗಿಂತ ಮೊದಲು ತಂಬಿಗೆ ನೀರು ಕೊಡುವ ಊರು ಜೇವರ್ಗಿ. ಸೂಕ್ಷ್ಮಾಣುಗಳಿಗೂ ಅದೇ ಮರ್ಯಾದೆ ಸಿಕ್ಕಿತ್ತು. ಗೌರಾಬಾಯಿಗೆ ಬೈಯಲೂ ಅಳಲೂ ಹೊತ್ತಿರಲಿಲ್ಲ.

ಹೈದರಾಬಾದಿನ ಗೆಳತಿಯನ್ನು ಕಾಡಿ ಬೇಡಿ ಥರ್ಮಾಸಿನಲ್ಲಿ ತಂದ ಬ್ಯಾಕ್ಟೀರಿಯಾ ಅದು. ಬ್ಯಾಕ್ಟೀರಿಯಾ ಎರಡಾಗುವ ಮೊದಲು ಅದರ ನಡುವಿಗೆ ಒಳಗಿನಿಂದ ಒಂದು ಪ್ರೊಟೀನಿನ ಬಳೆ ಕಟ್ಟಿಕೊಳ್ಳುತ್ತದೆ, ಆ ಬಳೆ ಬಿಗಿಯುತ್ತ ಬಂದಂತೆ ಜೀವ ಎರಡು ತುಂಡಾಗುತ್ತದೆ ಎಂಬುದು ಜಗತ್ತಿಗೇ ಗೊತ್ತಾಗಿ ಐದಾರು ವರ್ಷವಾಗಿತ್ತಷ್ಟೆ. ಈ ತಳಿಯ ಬಳೆ ಬಲು ನಾಜೂಕು. ತಂಪಿನಲ್ಲಿ ನೆಟ್ಟಗಿರುತ್ತದೆ, ನಲವತ್ತೆರಡು ಡಿಗ್ರಿಯಲ್ಲಿ ಕಳಚಿಹೋಗುತ್ತದೆ. ಬಳೆಯಿಲ್ಲದ ಜೀವ ಬೆಳೆಯುತ್ತದೆ, ಆದರೆ ತುಂಡಾಗಲಾರದೆ ದಾರದಂತೆ ಉದ್ದವಾಗುತ್ತದೆ. ಆ ದಾರವನ್ನೇ ಅವಳು ಇವತ್ತು ತೋರಿಸಬೇಕಿತ್ತು. ಕರೆಂಟು ಹೋಗಿ ಇನ್‌ಕ್ಯುಬೇಟರು ಬರೀ ಕಪಾಟಾಗಿದ್ದರೂ ಅವಳು ಹೆದರಿರಲಿಲ್ಲ. ಏಪ್ರಿಲ್ಲಿನ ಬಿಸಿಲು ತಗಡಿನ ಮಾಡಿನ ಕೆಳಗೆ ಪುಕ್ಕಟೆಯಾಗಿ ನಲವತ್ತೆರಡು ಕೊಟ್ಟಿತ್ತು, ತಂಪಿಗೆ ಹರವಿ ಇತ್ತು. ಈಗ ನೋಡಿದರೆ ಎರಡೂ ಹರವಿಯಲ್ಲೇ! ತಂಪು ತಾಕಿದ ದಾರಗಳು ಇಷ್ಟರಲ್ಲಿ ತುಂಡಾಗಿ ಎಲ್ಲವೂ ಮಾಮೂಲಾಗಿರಬೇಕು.

ಶಾಂತಲಿಂಗಪ್ಪನವರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಒಳಗೆ ಬಂದರು. ಬ್ಯಾಕ್ಟೀರಿಯಾ ಎಂದರೆ ಸಾರು ತುಂಬಿದ ಚೀಲ, ಒಳಗೆ ಎಲುಬಿಲ್ಲ, ಎಳೆಯಿಲ್ಲ, ಉಬ್ಬಿದಾಗ ತಾನಾಗಿ ಎರಡಾಗುತ್ತದೆ ಎಂದು ನೌಕರಿಯುದ್ದಕ್ಕೂ ಪಾಠ ಹೇಳಿದವರು.

“ಟೈಪಿಂಗ್ ಮಶೀನು ಟೆಂಪೋದಾಗ ಬಂದು ನಿಂತಾವ ಗೌರಾಬಾಯಿ. ಇಡಾಕ ಜಾಗಾ ಇಲ್ಲ. ಆ ಬಳಿ ಖರೇನ ಅದ ಅಂತ ತೋರಿಸಿದ್ರ ಈ ಖೋಲಿ ನಿಮ್ಮದು, ಇಲ್ಲಾಂದ್ರ ಟೈಪಿಂಗ್ ಕ್ಲಾಸಿನವರದು. ಜಲ್ದಿ ತೋರಸ್ರಿ.”

ನಾಳೆ ತೋರಿಸುತ್ತೇನೆ ಎನ್ನಬಹುದಿತ್ತು. ನಾಳೆ ಈ ಮೇಜಿನ ಮೇಲೆ ಟೈಪ್‌ರೈಟರುಗಳು ಟಕಟಕ ಎನ್ನುತ್ತಿರುತ್ತವೆ. ಗೌರಾಬಾಯಿ ಗುರುತು ನೋಡಿ ಝಳದಿಂದ ಬಂದ ನಳಿಕೆಯ ಒಂದು ಹನಿಯನ್ನು ಗಾಜಿನ ಮೇಲೆ ಹಾಕಿದಳು, ಮೈಕ್ರೋಸ್ಕೋಪಿನ ಕನ್ನಡಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು, ಕಣ್ಣು ಹಚ್ಚಿದಳು.

ದಾರಗಳು ಇದ್ದವು. ಆದರೆ ಹೈದರಾಬಾದಿನ ಫೋಟೋಗಳಲ್ಲಿ ನೋಡಿದಂತೆ ನುಣ್ಣಗಿರಲಿಲ್ಲ. ಉದ್ದಕ್ಕೂ ಅಲ್ಲಲ್ಲಿ ಸೊಂಟ ಮೂಡಿತ್ತು. ಕೆಲವು ಸೊಂಟ ಈಗಷ್ಟೇ ಸಣ್ಣಗಾಗುತ್ತಿದ್ದವು, ಕೆಲವು ಇನ್ನೇನು ಹರಿಯುವಂತಿದ್ದವು. ತಂಪು ಸಿಕ್ಕ ಬಳೆಗಳು ವಾಪಸು ಬಂದು ಕೆಲಸಕ್ಕೆ ನಿಂತಿದ್ದವು! ದಾರ ಮಾತ್ರ ಇದ್ದಿದ್ದರೆ ಬಿಸಿಲಿಗೆ ರೋಗ ಬಂದಿದೆ ಎಂದು ಪ್ರಿನ್ಸಿಪಾಲರು ಕೈ ಝಾಡಿಸಿ ಹೋಗುತ್ತಿದ್ದರು. ದಾವಲಸಾಬನ ಕರುಣೆ ಆ ನೆಪಕ್ಕೂ ಜಾಗ ಉಳಿಸಿರಲಿಲ್ಲ.

“ಬರ್ರಿ ಸರ್. ಕಣ್ಣ ಹಚ್ಚಿ ನೋಡ್ರಿ.”

ಶಾಂತಲಿಂಗಪ್ಪನವರು ಬಗ್ಗಿದರು. “ಶಾವಿಗಿ ಇದ್ಹಂಗ ಅದ. ನಡುನಡುವ ಯಾರೋ ಹಿಂಡ್ಯಾರ.”

“ಹೋಳಿಗಿ ಕಣಕ ಹರಿಯಾಕ ಹಿಂಗ ಹಿಂಡ್ತೇವಲ್ರಿ?” ಗೌರಾಬಾಯಿ ಹೆಬ್ಬೆರಳು ತೋರುಬೆರಳನ್ನು ಉಂಗುರ ಮಾಡಿ ಬಿಗಿದು ತೋರಿಸಿದಳು.

“ಕಣಕಕ್ಕ ನಿಮ್ಮ ಕೈ ಅದ. ಇದಕ್ಕ ಕೈ ಯಾರದು?”

“ಅದರದೇ ಕೈ ಸರ್. ಒಳಗಿನ ಬಳಿ. ಅದನ್ನೇ ಹೇಳಾಕತ್ತೇನಿ ನಾನು.”

ಅವರು ಅಷ್ಟಕ್ಕೆ ಸೋಲುವವರಲ್ಲ. ಚಹಾ ತರಿಸಿ ಕುಡಿದು ಮುಗಿಸುವ ತನಕ ಸ್ಟೂಲಿನ ಮೇಲೆ ಕುಳಿತಿದ್ದು, ಅದೇ ನಳಿಕೆಯಿಂದ ಇನ್ನೊಂದು ಹನಿ ತೆಗೆಸಿ ನೋಡಿದರು. ದಾರಗಳು ವಿರಳವಾಗಿದ್ದವು. ಎಲ್ಲೆಲ್ಲೂ ಗಿಡ್ಡ ಗಿಡ್ಡ ತುಂಡುಗಳು ಆರಾಮಾಗಿ ತೇಲುತ್ತಿದ್ದವು. ಶಾಂತಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಎದ್ದು, ಹರವಿಯಿಂದ ಆ ನಳಿಕೆಯನ್ನು ತಾವೇ ಎತ್ತಿ, ಹೆಗಲ ಟವೆಲಿನಿಂದ ಒರೆಸಿದರು.

“ಮತ್ತ ಝಳಕ್ಕ ಇಟ್ರ ಬಳಿ ಕಳಚಬೇಕು. ಮತ್ತ ದಾರ ಆಗಬೇಕು. ಹೌದಲ್ರಿ?”

“ಆಗಲೇಬೇಕ್ರಿ!” ಗೌರಾಬಾಯಿಯ ದನಿ ತಗಡಿಗೆ ಬಡಿಯುವಷ್ಟು ಜೋರಾಯಿತು.

“ಸಾಹೇಬ್ರ, ಪಾಪ, ಈಗರೆ ತಣ್ಣಗಾಗ್ಯಾವ...” ದಾವಲಸಾಬ ಅಡ್ಡ ಬಂದ.

“ನೀ ಇನ್ನ ಅದನ್ನ ಮುಟ್ಟಬ್ಯಾಡ. ಹೊರಗ ಹೋಗಿ ಟೆಂಪೋದವಗ ಹೇಳು, ಮಶೀನು ನನ್ನ ಚೇಂಬರದಾಗ ಇಳಸು ಅಂತ.”

ಗೌರಾಬಾಯಿಗೆ ಕುಣಿಯಬೇಕೆನ್ನಿಸಿತು. ಕೋಣೆ ಉಳಿದಿತ್ತು, ಬಳೆ ಗೆದ್ದಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಪ್ರಿನ್ಸಿಪಾಲರು ನಳಿಕೆಯನ್ನು ಕಿಟಕಿಯ ಗೂಡಿನಲ್ಲಿ ನಿಲ್ಲಿಸಿ, ಕತ್ತು ಹೊರಗೆ ಹಾಕಿ ಭೀಮಾ ನದಿಯ ಕಡೆಯ ಆಕಾಶವನ್ನು ನೋಡುತ್ತಿದ್ದರು.

“ಗೌರಾಬಾಯಿ, ಅಲ್ಲೊಂದು ಮೋಡ ಏಳಾಕತ್ತದ,” ಎಂದರು. ಏಪ್ರಿಲ್ಲಿನ ಜೇವರ್ಗಿಯಲ್ಲಿ ಮೋಡ ಕಂಡು ಮುಖ ಸಣ್ಣ ಮಾಡಿದ ಮೊದಲ ಮನುಷ್ಯ ಅವರೇ ಇರಬೇಕು.