ಶವಾಸನದಿಂದ ಏಳದವರು

"ಏನೋ ಮಸಲತ್ತು ನಡೀತಿದೆ. ಬಾಯಿ ಬಿಡ್ತೀಯೋ ಇಲ್ವೋ?"

ಸುಧಾರಣಾ ಗೃಹದ ಸೂಪರಿಂಟೆಂಡೆಂಟ್ ಮೇಜಿಗೆ ಮೊಣಕೈಯೂರಿ ಕೇಳಿದರು. ಎದುರಿಗೆ ಕಡ್ಡಿ ನಿಂತಿದ್ದ. ಅಡ್ಡಹೆಸರಿಗೆ ತಕ್ಕ ಮೈ. ಮುಖದಲ್ಲಿ ಭಯವೂ ಇಲ್ಲ, ಉದ್ಧಟತನವೂ ಇಲ್ಲ. ಗೋಡೆಗೆ ಕಣ್ಣು ಮೂಗು ಬರೆದ ಹಾಗಿತ್ತು.

"ಏನಿಲ್ಲ ಸಾರ್. ಸುಮ್ನೆ ಮಲಗಿರ್ತೀವಿ."

ಅನುಮಾನ ಹುಟ್ಟಿದ್ದೇ ಅಲ್ಲಿ. ಯೋಗದ ತರಗತಿ ಶುರು ಮಾಡಿಸಿದ್ದು ಈ ಹುಡುಗರಿಗೆ ನೆಮ್ಮದಿಯಿಲ್ಲವೆಂದು. ಒಬ್ಬ ನಿದ್ದೆಯಲ್ಲಿ ಕಿರುಚುತ್ತಿದ್ದ. ಇನ್ನೊಬ್ಬ ತನ್ನ ತೋಳನ್ನು ತಾನೇ ಕಚ್ಚಿಕೊಳ್ಳುತ್ತಿದ್ದ. ಬಾಗು, ಉಸಿರೆಳೆದುಕೋ, ಬಿಡು. ಮೊದಮೊದಲು ಎಲ್ಲ ನಗೆಪಾಟಲು. ಬರಬರುತ್ತ ತೋಳಿನ ಗಾಯ ಒಣಗಿತು. ಕಡೆಯಲ್ಲಿ ಶವಾಸನ ಹಾಕಿಸಿ ಟೀಚರಮ್ಮ ಪಕ್ಕದ ಹಾಲಿಗೆ, ಚಿಕ್ಕವರ ತರಗತಿಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹುಡುಗರು ತಾವಾಗಿ ಎದ್ದು, ಸಾಲಾಗಿ ತಿಂಡಿಗೆ ಬರಬೇಕು.

ಈಚೆಗೆ ಏಳುತ್ತಿರಲಿಲ್ಲ. ತಿಂಡಿ ಆರಿ ತಣ್ಣಗಾದ ಮೇಲೆ ಬರುತ್ತಿದ್ದರು.

"ಬಂದ್ವಾ ಹೆಣಗಳು?" ಎಂದು ಅಡುಗೆಯವನು ಸೌಟು ಕುಟ್ಟುತ್ತಿದ್ದ.

"ಹೆಣಕ್ಕೂ ಹೊಟ್ಟೆ ಇರುತ್ತಣ್ಣ, ಬಡಿಸು."

ಸೂಪರಿಂಟೆಂಡೆಂಟರ ಕಿವಿಗೆ ಹಾಕಿದವನೂ ಆ ಅಡುಗೆಯವನೇ. "ಹಸಿದ ಹುಡುಗ್ರು ತಿಂಡಿ ಬಿಟ್ಟು ಬಿದ್ಕೊಂಡಿರ್ತಾರಾ ಸಾರ್? ಕಿಟಕೀಲಿ ಇಣುಕಿದೆ. ಒಬ್ಬನೂ ಕಣ್ಣು ಮುಚ್ಚಿರಲಿಲ್ಲ. ಬೆರಳಲ್ಲೇ ಮಾತುಕತೆ. ಒಬ್ಬನಿಗೆ ಕೆಮ್ಮು ಬಂತು, ಅಂಗಿ ಚುಂಗು ಬಾಯಿಗೆ ತುರುಕ್ಕೊಂಡ!"

"ಕಾವಲಿನವರು?"

"ಒಳಗಡೆ ಕಿಟಕಿ ಕೆಳಗೇ ಅವರ ಕುರ್ಚಿ. ನಂಗೆ ಕಂಡಿದ್ದು ಟೋಪಿ ಅಷ್ಟೆ."

ಕಾವಲಿನವರನ್ನೂ ಕರೆಸಿದ್ದಾಯಿತು. ಹಿಂದಿನವನು ತೂಕಡಿಸಿ ಕೆಲಸ ಕಳೆದುಕೊಂಡಿದ್ದ. ಹುಡುಗರೆಲ್ಲ ‘ಮಾಮ’ ಎನ್ನುವ ಇವರು ಆ ಪೈಕಿ ಅಲ್ಲ. ಇದೇ ಹುಡುಗರ ವಯಸ್ಸಿನ ಒಬ್ಬನೇ ಮಗನನ್ನು ಕಳೆದುಕೊಂಡರೂ ರಜೆ ಬೇಡವೆಂದವರು. ರಾತ್ರಿ ಪಾಳಿಯನ್ನೂ ತಾವೇ ಕೇಳಿ ಹಾಕಿಸಿಕೊಂಡವರು.

"ಗಲಾಟೆ ಇಲ್ಲ ಸಾರ್. ಬಂಗಾರದಂಥ ಹುಡುಗ್ರು," ಎಂದರು, ಎತ್ತಲೋ ನೋಡುತ್ತ.

ಈ ಪಾಪದ ಮನುಷ್ಯನ ಕಣ್ಣಿಗೆ ಮಣ್ಣೆರಚಿ ಏನೋ ಹೂಡುತ್ತಿದ್ದಾರೆ ಎಂದು ಸೂಪರಿಂಟೆಂಡೆಂಟರಿಗೆ ಖಾತ್ರಿಯಾಯಿತು. ಯೋಗದ ಹಾಲ್‌ನ ಹಿಂದೆಯೇ ಕಾಂಪೌಂಡು. ಅದನ್ನು ಹಾರಿದರೆ ಬೀದಿ.

ಈಗ ಕಡ್ಡಿಯೆದುರು ಅವರು ದನಿ ತಗ್ಗಿಸಿದರು.

"ನೋಡಪ್ಪ, ಸೋಮವಾರ ನಿನ್ನ ಬಿಡುಗಡೆ. ನಿಮ್ಮಕ್ಕ ಕರ್ಕೊಂಡು ಹೋಗೋಕೆ ಬರ್ತಿದ್ದಾಳೆ. ಓಡಿಹೋಗೋಕೆ ಸಂಚು ಮಾಡ್ದ ಅಂತ ನಾನೊಂದು ಮಾತು ಬರೆದ್ರೆ ಇನ್ನೊಂದು ವರ್ಷ ಇಲ್ಲೇ. ಹೇಳ್ಬಿಡು."

ಅಕ್ಕನ ಸುದ್ದಿ ಬಂದಾಗ ಕಡ್ಡಿ ಒಮ್ಮೆ ಬಾಗಿಲತ್ತ ತಿರುಗಿದ. ಮತ್ತೆ ಅದೇ ಗೋಡೆಯಂಥ ಮುಖ.

"ಬರ್ಕೊಳ್ಳಿ ಸಾರ್."

ಮರುದಿನ ಬೆಳಿಗ್ಗೆ ಟೀಚರಮ್ಮ ಅತ್ತ ಹೋದದ್ದೇ ತಡ, ಸೂಪರಿಂಟೆಂಡೆಂಟ್ ಬರಿಗಾಲಲ್ಲಿ ಬಂದು ಬಾಗಿಲು ತಳ್ಳಿದರು. ಅಡುಗೆಯವನ ಮಾತು ಸುಳ್ಳಲ್ಲ. ಎಲ್ಲರೂ ಅಂಗಾತ ಬಿದ್ದಿದ್ದರು, ಕಣ್ಣು ತೆರೆದುಕೊಂಡು, ಉಸಿರನ್ನೂ ಅಳೆದು ಬಿಡುತ್ತ. ಬಾಗಿಲಿಗೆ ಬೀಗವಿರಲಿಲ್ಲ, ಅಲ್ಲಿ ನಿಂತು ತಡೆಯುವವರೂ ಇರಲಿಲ್ಲ. ಆದರೂ ಒಬ್ಬನೂ ಅಲುಗಲಿಲ್ಲ. ಕಡ್ಡಿ ಮಾತ್ರ ತಲೆಯೆತ್ತಿ, ತುಟಿಯ ಮೇಲೆ ಬೆರಳಿಟ್ಟ. ಎಷ್ಟು ಪೊಗರು! ಸೂಪರಿಂಟೆಂಡೆಂಟ್ ಗದರಲು ಬಾಯಿ ತೆರೆದರು.

ಕಡ್ಡಿ ಎದ್ದು ಕೂತು ಎರಡೂ ಕೈ ಜೋಡಿಸಿದ. "ದಮ್ಮಯ್ಯ, ಕೂಗ್ಬೇಡಿ ಸಾರ್," ಎಂದು ಪಿಸುಗುಟ್ಟಿ, ಕಿಟಕಿಯ ಕೆಳಗಿನ ಕುರ್ಚಿಯಲ್ಲಿ ಎದೆಗೆ ಬಾಗಿದ್ದ ಟೋಪಿಯತ್ತ ನೋಡಿದ. "ಮಗ ಹೋದಾಗಿಂದ ಮಾಮಂಗೆ ನಿದ್ದೆ ಹತ್ತೋದು ಇದೊಂದು ಹೊತ್ತಲ್ಲೇ."