ಸೂಜಿಯ ಭಯ

ರಕ್ತನಿಧಿಯಿಂದ ಫೋನು ಬಂದಾಗ ಮಂಜರಿಗೆ ಅದು ಸನ್ಮಾನದ ಕರೆಯೇ ಅನ್ನಿಸಿತು. ಕಾಲೇಜಿನ ದಿನಗಳಿಂದ ತಪ್ಪದೆ ರಕ್ತ ಕೊಡುತ್ತ ಬಂದವಳು ಅವಳು. ರಕ್ತದಾನಿಗಳ ದಿನ ಬೇರೆ ಹತ್ತಿರವಾಗಿತ್ತು. "ಖುದ್ದಾಗಿ ಬನ್ನಿ, ಫೋನಲ್ಲಿ ಹೇಳೋಕಾಗಲ್ಲ" ಎಂದಿದ್ದರು. ಮದುವೆಯ ರೇಷ್ಮೆ ಸೀರೆಯನ್ನೇ ಉಟ್ಟು ಹೊರಟಳು.

"ಅಲ್ಲಿಗೆಲ್ಲ ಯಾಕೆ ಹೋಗ್ತೀಯ? ಶಾಲು ಬೇಕಂದ್ರೆ ನಾನೇ ತಂದ್ಕೊಡ್ತೀನಿ" ಎಂದ ಗಂಡನ ಮುಖದಲ್ಲಿ ನಗುವಿರಲಿಲ್ಲ.

"ನೀವೂ ಒಂದ್ಸಲ ರಕ್ತ ಕೊಟ್ಟಿದ್ರೆ ನಿಮಗೂ ಹೊದಿಸ್ತಿದ್ರು ಕಣ್ರೀ. ಸೂಜಿ ಕಂಡ್ರೆ ಓಡೋ ಗಂಡಸು!" ಎಂದು ಅವಳೇ ನಕ್ಕಳು.

ಅವನು ಜೊತೆಗೇನೋ ಬಂದ. ಆದರೆ ಹೊರಗಿನ ಬೆಂಚಿನಲ್ಲೇ ಕುಳಿತುಬಿಟ್ಟ.

ಒಳಗೆ ಶಾಲೂ ಇರಲಿಲ್ಲ, ಹಾರವೂ ಇರಲಿಲ್ಲ. ಕೌನ್ಸೆಲರ್ ಮೇಡಂ ಬಾಗಿಲು ಮುಚ್ಚಿ, ಕುರ್ಚಿಯನ್ನು ಅವಳ ಪಕ್ಕಕ್ಕೇ ಎಳೆದುಕೊಂಡರು.

"ಹೋದ ಸಲ ನೀವು ಕೊಟ್ಟ ರಕ್ತದಲ್ಲಿ ಎಚ್‌ಐವಿ ಸೋಂಕು ಕಾಣಿಸಿದೆಯಮ್ಮ. ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡ್ಕೊಳ್ಳೋಣ. ಔಷಧಿ ಇದೆ, ಧೈರ್ಯ ಕಳ್ಕೋಬೇಡಿ."

"ಮದುವೆಗೆ ಮುಂಚೆ ಎಷ್ಟು ಸಲ ಕೊಟ್ಟಿದ್ದೀನಿ ಮೇಡಂ! ಆಗೆಲ್ಲ ಏನೂ ಇರ್ಲಿಲ್ಲ."

"ಅದಕ್ಕೇ ನಿಮ್ಮ ಯಜಮಾನ್ರ ರಕ್ತಾನೂ ನೋಡ್ಬೇಕು. ಅವರು ಯಾವತ್ತಾದ್ರೂ ಪರೀಕ್ಷೆ ಮಾಡಿಸಿದ್ರಾ?"

"ಮದುವೆಗೆ ಮುಂಚೆ ಕೇಳಿದ್ದೆ, ಒಪ್ಪಲಿಲ್ಲ. ಅವರಿಗೆ ಸೂಜಿ ಅಂದ್ರೆ ಭಯ" ಎಂದಳು, ಎಲ್ಲರಿಗೂ ಹೇಳುವಂತೆಯೇ.

ಕಿಟಕಿಯ ಗಾಜಿನಾಚೆ ಅವನು ತಲೆತಗ್ಗಿಸಿ ಕೂತಿದ್ದ. ಮಡಚಿದ ಅಂಗಿತೋಳಿನ ಕೆಳಗೆ, ಮೊಣಕೈಯಿಂದ ಮಣಿಕಟ್ಟಿನವರೆಗೂ, ನಿಶ್ಚಿತಾರ್ಥದ ವಾರ ಹಚ್ಚೆಯವನ ಸೂಜಿಗೆ ಗಂಟೆಗಟ್ಟಲೆ ನಗುನಗುತ್ತ ಕೈಯೊಡ್ಡಿ ಬರೆಸಿಕೊಂಡಿದ್ದ ಅವಳ ಹೆಸರಿತ್ತು.