ಎಲೆ ಅಡಿಕೆ ಮುಗಿಯುವ ತನಕ

ಬಾಣ ಹಂದಿಯ ಹೊಟ್ಟೆಗೆ ನಾಟಿತು. ಹಂದಿ ರಾಗಿ ಹೊಲ ದಾಟಿ ಮುಳ್ಳುಪೊದೆಗೆ ನುಗ್ಗಿತು.

ಹೊಡೆದವನು ಬಿಲ್ಲು ಕೆಳಗಿಟ್ಟು, ಬಂಡೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡ. ಅದನ್ನು ಜಗಿದು ಮುಗಿಸುವ ತನಕ ಗಾಯಗೊಂಡ ಮೃಗದ ಹಿಂದೆ ಹೋಗಬಾರದೆಂಬುದು ಅವರ ಮನೆತನದ ಕಟ್ಟಳೆ. ಬೇಗ ಹೋದರೆ ಅದು ತಿರುಗಿ ಬೀಳುತ್ತದೆ; ಸುಮ್ಮನೆ ಬಿಟ್ಟರೆ ಮಲಗಿದಲ್ಲೇ ಪ್ರಾಣ ಬಿಡುತ್ತದೆ.

ಪಕ್ಕದಲ್ಲಿದ್ದ ಚಿಕ್ಕಪ್ಪ ಕುಳಿತುಕೊಳ್ಳಲಿಲ್ಲ. ಒಂದು ವರ್ಷದಿಂದ ಅವರು ಈ ಅಣ್ಣನ ಮಗನೊಡನೆ ಮಾತು ಬಿಟ್ಟಿದ್ದರು. ಎರಡೂ ಮನೆಗೆ ಸೇರಿದ ಹೊಲ ಕಾಯಬೇಕಲ್ಲ ಎಂದು ಬಂದಿದ್ದರು, ಅಷ್ಟೇ.

"ಇವತ್ತು ಕೂರೋಕೆ ಬಂತೇನೋ ನಿನಗೆ? ಹೋದ ವರ್ಷ ಈ ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತು?"

ಅವನು ತಲೆ ತಗ್ಗಿಸಿದ.

"ನೀನು ಅವಸರ ಮಾಡಿ ಪೊದೆಗೆ ನುಗ್ಗಿದೆ. ನಿನ್ನ ಹಿಂದೆ ಬಂದ ನನ್ನ ಮಗನನ್ನ ಹಂದಿ ಸೀಳಿಹಾಕ್ತು. ನೀನು ಮಾತ್ರ ಗುಂಡುಕಲ್ಲಿನ ಹಾಗೆ ಮನೆಗೆ ಬಂದೆ. ಅಲ್ವೇನೋ?"

"ಹೌದು ಚಿಕ್ಕಪ್ಪ. ನಂದೇ ತಪ್ಪು."

"ತಪ್ಪಂತೆ! ದಿನಾ ದೀಪ ಹಚ್ಚಿ ದೇವರ ಮುಂದೆ ನಿನ್ನ ಹೆಸರು ಹೇಳ್ತೀನಿ. ಒಳ್ಳೇದಾಗಲಿ ಅಂತಲ್ಲ, ತಿಳ್ಕೋ."

ಅವನು ಎಲೆ ಅಡಿಕೆ ಜಗಿಯುತ್ತಲೇ ಇದ್ದ. ಚಿಕ್ಕಪ್ಪ ತಮ್ಮ ಈಟಿ ಎತ್ತಿಕೊಂಡು ಪೊದೆಯ ಕಡೆ ಹೊರಟರು.

"ನಿನ್ನ ಪಕ್ಕ ನಿಲ್ಲೋದಕ್ಕಿಂತ ಆ ಹಂದಿ ಬಾಯಿಗೆ ಬೀಳೋದು ವಾಸಿ."

ಪೊದೆಯೊಳಗೆ ಹಂದಿ ಗುಟುರು ಹಾಕಿತು. ಅವನು ಓಡಿಬಂದು ಅವರ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಬಿಡೋ! ಬಿಡು ಅಂದ್ರೆ ಬಿಡಬೇಕು!"

"ಬಿಡಲ್ಲ ಚಿಕ್ಕಪ್ಪ. ಅವತ್ತು ಪೊದೆಗೆ ನುಗ್ಗೋಕೆ ಹೊರಟ ನಿಮ್ಮ ಮಗನೂ ಹೀಗೇ ಬಿಡು ಅಂದ. ಬಿಟ್ಟೆ."